ಸೂಟಿ ದಾನವಲ್ಲ, ನೆರೆಯವನ ಗುರುತು

ವರ್ಷ ಮುಗಿಯಲು ಒಂದೆರಡು ತಿಂಗಳು ಇರುವಾಗ ಸರಕಾರದವರು ಬರುವ ವರ್ಷದ ಸಾರ್ವಜನಿಕ ಸೂಟಿಗಳ ಯಾದಿಯನ್ನು ಪ್ರಕಟಿಸುವದು ವಾಡಿಕೆ. ಆ ಯಾದಿಯು ವರ್ತಮಾನಪತ್ರಗಳಲ್ಲಿ ಬಂದ ದಿನ ನಮ್ಮ ಊರ ವಕೀಲರ ಕೋಣೆಯಲ್ಲಿಯೂ, ಸಾಲೆಯ ಮಾಸ್ತರರ ಕೋಣೆಯಲ್ಲಿಯೂ, ಚಹದಂಗಡಿಯ ಬಾಕಿನ ಮೇಲೆಯೂ ಒಂದೇ ಮಾತು ಕೇಳಬರುತ್ತದೆ: “ಮುಸಲ್ಮಾನರಿಗೆ ನಾಲ್ಕು ಸೂಟಿಗಳೇಕೆ?” ಹೀಗೆ ಕೇಳುವವರು ಕೆಟ್ಟವರಲ್ಲ. ನೆರೆಮನೆಯ ಮುಸಲ್ಮಾನನು ಕಳಿಸಿಕೊಟ್ಟ ಸುರಕುಂಬಾವನ್ನು ಸಂತೋಷದಿಂದ ಕುಡಿದವರೇ. ಆದರೆ ಯಾದಿಯಲ್ಲಿ ಆತನ ಹಬ್ಬದ ಹೆಸರನ್ನು ಕಂಡೊಡನೆ ತಮ್ಮ ಗಂಟಿನಿಂದ ಯಾರೋ ದುಡ್ಡು ಕಿತ್ತುಕೊಂಡಂತೆ ಅವರ ಮುಖ ಸಪ್ಪಗಾಗುತ್ತದೆ. ಇನ್ನೊಂದು ಕಡೆಗೆ ಮುಂದಾಳುಗಳ ಇನ್ನೊಂದು ಗುಂಪು ಇದೆ. ಅವರು ಅದೇ ಯಾದಿಯನ್ನು ಕೈಯಲ್ಲಿ ಹಿಡಿದು, “ನೋಡಿರಿ, ನಿಮಗೆ ನಾವು ಸೂಟಿ ಕೊಟ್ಟೆವು” ಎಂದು ಮುಸಲ್ಮಾನ ಬಾಂಧವರ ಓಣಿಯಲ್ಲಿ ಭಾಷಣ ಮಾಡುತ್ತಾರೆ. ಒಬ್ಬರು ಕೊಟ್ಟದ್ದು ಹೆಚ್ಚಾಯಿತೆನ್ನುತ್ತಾರೆ. ಇನ್ನೊಬ್ಬರು ಕೊಟ್ಟದ್ದಕ್ಕೆ ಋಣ ತೀರಿಸಿರೆನ್ನುತ್ತಾರೆ. ಇಬ್ಬರೂ ಒಪ್ಪಿರುವ ಮಾತೊಂದೇ: ಸೂಟಿಯು ದಾನವೆಂಬದು. ಈ ಮಾತೇ ತಪ್ಪೆಂದು ತೋರಿಸುವದು ಈ ಲೇಖನದ ಉದ್ದೇಶ.

ಮೊದಲು ಲೆಕ್ಕವನ್ನೇ ನೋಡೋಣ. ಭಾರತ ಸರಕಾರದ ಕಚೇರಿಗಳಲ್ಲಿ ಕಡ್ಡಾಯದ ಸೂಟಿಗಳು ಹದಿನಾಲ್ಕು. ಇವುಗಳಲ್ಲಿ ಗಣರಾಜ್ಯ ದಿನ, ಸ್ವಾತಂತ್ರ್ಯ ದಿನ, ಗಾಂಧೀಜಯಂತಿ ಈ ಮೂರು ರಾಷ್ಟ್ರಕ್ಕೆ ಸೇರಿದವು. ಉಳಿದ ಹನ್ನೊಂದರಲ್ಲಿ ರಮಜಾನ್, ಬಕ್ರೀದ್, ಮೊಹರಂ, ಮಿಲಾದ್ ಈ ನಾಲ್ಕು ಮುಸಲ್ಮಾನರವು, ಎರಡು ಕ್ರೈಸ್ತರವು, ಬೌದ್ಧರದು, ಜೈನರದು, ಸಿಖ್ಖರದು ಒಂದೊಂದು, ಹಿಂದೂಗಳವು ದಸರೆ ಮತ್ತು ದೀಪಾವಳಿ ಎಂಬ ಎರಡು. “ಇಗೋ ನೋಡಿರಿ, ಅವರಿಗೆ ನಾಲ್ಕು, ನಮಗೆ ಎರಡು!” ಎಂದು ಟೇಬಲ್ಲು ಗುದ್ದುವವರು ಇಲ್ಲಿಗೇ ಓದುವದನ್ನು ನಿಲ್ಲಿಸಿಬಿಡುತ್ತಾರೆ. ಅದೇ ಕಾಗದದ ಮುಂದಿನ ಸಾಲಿನಲ್ಲಿ, ದಿಲ್ಲಿಯ ಹೊರಗಿನ ಕಚೇರಿಗಳು ಹನ್ನೆರಡು ದಿನಗಳ ಇನ್ನೊಂದು ಯಾದಿಯಿಂದ ಮೂರು ಸೂಟಿಗಳನ್ನು ಆರಿಸಿಕೊಳ್ಳಬೇಕೆಂದಿದೆ. ಆ ಹನ್ನೆರಡು ಯಾವುವು? ಸಂಕ್ರಾಂತಿ, ಶಿವರಾತ್ರಿ, ಹೋಳಿ, ರಾಮನವಮಿ, ಜನ್ಮಾಷ್ಟಮಿ, ಗಣೇಶ ಚತುರ್ಥಿ, ಓಣಂ ಮೊದಲಾದವು. ಪ್ರಾಂತಕ್ಕೊಂದು ಹಬ್ಬ ದೊಡ್ಡದಾಗಿರುವದರಿಂದ ಹಿಂದೂ ಹಬ್ಬಗಳ ಆಯ್ಕೆಯನ್ನು ಪ್ರಾಂತಗಳಿಗೆ ಬಿಟ್ಟಿದ್ದಾರೆ, ಇಷ್ಟೇ. ಇನ್ನು ನಮ್ಮ ಕರ್ನಾಟಕ ಸರಕಾರದ ಯಾದಿಯನ್ನು ತೆರೆದರೆ ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ಬಸವಜಯಂತಿ, ಗಣೇಶ ಚತುರ್ಥಿ, ಮಹಾಲಯ ಅಮಾವಾಸ್ಯೆ, ಆಯುಧಪೂಜೆ, ವಿಜಯದಶಮಿ, ವಾಲ್ಮೀಕಿ ಜಯಂತಿ, ನರಕ ಚತುರ್ದಶಿ, ಬಲಿಪಾಡ್ಯಮಿ, ಕನಕದಾಸ ಜಯಂತಿ ಎಂದು ಬೆರಳುಗಳು ಸಾಲದೆ ಹೋಗುತ್ತವೆ. ಅಲ್ಲಿ ಮುಸಲ್ಮಾನರವು ಅವೇ ನಾಲ್ಕು. 2011ರ ಜನಗಣತಿಯಂತೆ ಕರ್ನಾಟಕದ ಆರು ಕೋಟಿ ಹನ್ನೊಂದು ಲಕ್ಷ ಜನರಲ್ಲಿ ಸುಮಾರು 79 ಲಕ್ಷ ಜನರು, ಎಂದರೆ ನೂರಕ್ಕೆ ಹದಿಮೂರರ ಹತ್ತಿರ, ಮುಸಲ್ಮಾನರು. ಎಂಟು ಮಂದಿಯಲ್ಲಿ ಒಬ್ಬನು ನಮ್ಮ ಅಣ್ಣತಮ್ಮನಾಗಿರುವಾಗ ಆತನ ನಾಲ್ಕು ದಿನಗಳಿಗಾಗಿ ಇಷ್ಟು ಗುಣುಗುಟ್ಟುವದು ನಮ್ಮ ದೊಡ್ಡತನಕ್ಕೆ ಶೋಭಿಸುವದೇ?

“ಸೂಟಿಗಳೇ ಅತಿಯಾದವು, ದೇಶದ ಕೆಲಸ ಕೆಡುತ್ತದೆ” ಎನ್ನುವವರ ಮಾತು ಬೇರೆ. ಆ ಮಾತಿಗೆ ತೂಕವಿದೆಯೆಂದು ನಾವು ಒಪ್ಪುತ್ತೇವೆ. ಉತ್ತರ ಪ್ರದೇಶದ ಸರಕಾರವು 2017ರ ಏಪ್ರಿಲ್ ತಿಂಗಳಲ್ಲಿ ಹದಿನೈದು ಸೂಟಿಗಳನ್ನು ಒಮ್ಮೆಲೆ ರದ್ದುಮಾಡಿತು. ಅದರಲ್ಲಿ ಮಿಲಾದ್ ಇದ್ದಿತು. ವಾಲ್ಮೀಕಿ ಜಯಂತಿಯೂ ಪರಶುರಾಮ ಜಯಂತಿಯೂ ಚರಣಸಿಂಗರ ಜನ್ಮದಿನವೂ ಇದ್ದವು. ಆ ಕತ್ತರಿಯು ಒಂದೇ ಜನಾಂಗದ ಮೇಲೆ ಬಿದ್ದಿತೆಂದು ಹೇಳುವದು ಸತ್ಯವಾಗದು. ಮಹಾಪುರುಷರ ದಿನದಂದು ಮಕ್ಕಳು ಮನೆಯಲ್ಲಿ ಮಲಗಿಕೊಳ್ಳುವದಕ್ಕಿಂತ ಸಾಲೆಗೆ ಬಂದು ಅವರ ವಿಷಯವನ್ನು ಕಲಿಯುವದು ಲೇಸೆಂಬ ವಾದದಲ್ಲಿ ಹುರುಳುಂಟು. ಎಲ್ಲರ ಸೂಟಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕಡಿಮೆ ಮಾಡುವದಾದರೆ ಮಾಡಲಿ. ನಾವು ಅಡ್ಡ ಬರುವವರಲ್ಲ. ಆದರೆ ನಮ್ಮೂರ ಟೀಕಾಕಾರರು ಹೇಳುವದು ಇದಲ್ಲ. ಶ್ರಾವಣ ಮಾಸದಲ್ಲಿ ಇನ್ನೊಂದು ಸೂಟಿ ಸಿಕ್ಕರೆ ಕುಣಿಯುವವರೇ ಬಕ್ರೀದಿನ ದಿನ ಬಂದಾಗ ದೇಶದ ಕೆಲಸವನ್ನು ನೆನೆಯುತ್ತಾರೆ. ಕೊಳ್ಳುವಾಗ ಒಂದು ಕೊಳಗ, ಕೊಡುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ವ್ಯಾಪಾರಿಯನ್ನು ನಾವು ಏನೆಂದು ಕರೆಯುತ್ತೇವೆ?

ಈ ಕೊಳಗದ ಮಾತಿಗೆ ಇನ್ನೊಂದು ನಿದರ್ಶನವಿದೆ. ಅಮೇರಿಕೆಯ ನ್ಯೂಯಾರ್ಕ ಪಟ್ಟಣದಲ್ಲಿ ಕನ್ನಡಿಗರು ಮೊದಲುಗೊಂಡು ಭಾರತದವರು ಅನೇಕರಿದ್ದಾರೆ. ಅಲ್ಲಿ ದೀಪಾವಳಿಗೆ ಸಾಲೆಗಳನ್ನು ಮುಚ್ಚಬೇಕೆಂಬ ಕಾಯದೆಗೆ 2023ರ ನವಂಬರದಲ್ಲಿ ಸಹಿಯಾಯಿತು. ಮರುವರ್ಷ ದೀಪಾವಳಿಗೆ ಆ ಮಹಾನಗರದ ಸರಕಾರೀ ಸಾಲೆಗಳು ಮೊದಲ ಬಾರಿ ಮುಚ್ಚಿದವು. ಆ ಸುದ್ದಿಯನ್ನು ಓದಿ ಇಲ್ಲಿ ನಮ್ಮ ಎದೆಯೆಲ್ಲ ಉಬ್ಬಿದವು. ಉಬ್ಬಬೇಕಾದದ್ದೇ. ಆದರೆ ಅದೇ ಪಟ್ಟಣದಲ್ಲಿ ಅದಕ್ಕೂ ಎಂಟು ವರ್ಷ ಮುಂಚೆ, 2015ರಲ್ಲಿ, ಮುಸಲ್ಮಾನರ ಎರಡು ಈದುಗಳನ್ನು ಸಾಲೆಯ ಸೂಟಿಗಳಲ್ಲಿ ಸೇರಿಸಿದ್ದರು. ಅದಕ್ಕಾಗಿ ಅಲ್ಲಿಯ ಮುಸಲ್ಮಾನ ತಾಯಿತಂದೆಗಳು ವರ್ಷಗಟ್ಟಲೆ ಹೆಣಗಿದ್ದರು. ಪಟ್ಟಣದ ಕೌನ್ಸಿಲ್ಲು 2009ರಲ್ಲಿಯೇ ಠರಾವು ಮಾಡಿದರೂ ಆಗಿನ ಮೇಯರರು ಒಪ್ಪಿರಲಿಲ್ಲ. ಅವರು ಸವೆಸಿದ ದಾರಿಯಲ್ಲಿಯೇ ನಮ್ಮ ದೀಪಾವಳಿ ಹಿಂದಿನಿಂದ ನಡೆದುಬಂದಿತು. ಕಡಲಾಚೆ ನಾವು ಕೆಲವೇ ಜನರಾಗಿರುವಲ್ಲಿ ನಮ್ಮ ಹಬ್ಬವನ್ನು ಗುರುತಿಸಿದರೆ ಅದು ನ್ಯಾಯ. ಕಡಲೀಚೆ ನಾವು ಬಹುಜನರಾಗಿರುವಲ್ಲಿ ಅವರ ಹಬ್ಬವನ್ನು ಗುರುತಿಸಿದರೆ ಅದು ಓಲೈಕೆ! ಇದಾವ ತರ್ಕ?

ಈಗ ಕಾಯದೆಯ ಮಾತು. ಸೂಟಿ ಕೊಡುವ ಅಧಿಕಾರವು ಸರಕಾರಕ್ಕೆ ಬಂದಿರುವದು 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯದೆಯ 25ನೆಯ ಕಲಮಿನಿಂದ. ಇದು ಧರ್ಮಶಾಸ್ತ್ರವಲ್ಲ, ಹುಂಡಿಚೀಟಿಗಳ ಕಾಯದೆ. ಬ್ಯಾಂಕಿನ ಬಾಗಿಲು ಹಾಕಿದ ದಿನ ಹುಂಡಿಯ ಮುದ್ದತು ಬಿದ್ದರೆ ಏನು ಮಾಡಬೇಕೆಂಬದಕ್ಕಾಗಿ ಹುಟ್ಟಿದ ಮಾತು. ಹಬ್ಬದ ಸೂಟಿಯು ಯಾವ ಪ್ರಜೆಯ ಮೂಲಭೂತ ಹಕ್ಕೂ ಅಲ್ಲ. ಸಾರ್ವಜನಿಕ ಸೂಟಿಯನ್ನು ಹಕ್ಕೆಂದು ಕೇಳಲಾಗದೆಂದು ಮುಂಬಯಿ ಹೈಕೋರ್ಟು 2022ರಲ್ಲಿ ಹೇಳಿತು. ಈ ತೀರ್ಪನ್ನು ನಮ್ಮ ಟೀಕಾಕಾರರು ಹಿಗ್ಗಿನಿಂದ ಎತ್ತಿ ತೋರಿಸುತ್ತಾರೆ. ನಾವೂ ತಲೆಬಾಗುತ್ತೇವೆ. ಆದರೆ ಸ್ವಾಮಿ, ಹಕ್ಕಲ್ಲದ್ದೆಲ್ಲವೂ ದಾನವಾಗುವದಿಲ್ಲ. ಮನೆಗೆ ಬಂದವನಿಗೆ “ಬನ್ನಿರಿ, ಕುಳಿತುಕೊಳ್ಳಿರಿ” ಎನ್ನುವದು ಬಂದವನ ಹಕ್ಕೂ ಅಲ್ಲ, ಕರೆದವನ ದಾನವೂ ಅಲ್ಲ. ಅದು ಮನೆತನದ ಮರ್ಯಾದೆ. ಒಂದೇ ನಾಡಿನಲ್ಲಿ ಕೂಡಿ ಬಾಳುವವರ ಪಂಚಾಂಗವು ಒಂದೇ ಅಲ್ಲವೆಂಬದನ್ನು ರಾಜ್ಯವು ಬಲ್ಲದು ಎಂದು ಹೇಳುವ ಬಗೆಯೇ ಸಾರ್ವಜನಿಕ ಸೂಟಿ. ಅದು ಗುರುತು. ಗುರುತಿಗೆ ಬೆಲೆ ಕಟ್ಟಿದವನು ನಾಡನ್ನು ಸಂತೆಯೆಂದು ಬಗೆದವನು.

ಗುರುತನ್ನು ದಾನವೆಂದು ಸಾರಿದರೆ ಏನಾಗುವದೆಂಬದಕ್ಕೆ ನಮ್ಮ ಇತಿಹಾಸದಲ್ಲಿಯೇ ಪಾಠವಿದೆ. 1990ರ ಆಗಸ್ಟ 15ರಂದು ಕೆಂಪುಕೋಟೆಯ ಮೇಲಿನಿಂದ ಪ್ರಧಾನಿ ವಿಶ್ವನಾಥ ಪ್ರತಾಪಸಿಂಗರು ಪೈಗಂಬರರ ಜನ್ಮದಿನಕ್ಕೆ ಸೂಟಿಯನ್ನು ಸಾರಿದರು. ಅದಕ್ಕೆ ಒಂದು ವಾರದ ಹಿಂದೆಯೇ ಮಂಡಲ ಆಯೋಗದ ಶಿಫಾರಸನ್ನು ಜಾರಿಗೆ ತರುವದಾಗಿ ಹೇಳಿ ಅವರು ದೇಶದಲ್ಲಿ ಬಿರುಗಾಳಿಯನ್ನು ಎಬ್ಬಿಸಿದ್ದರು. ಸೂಟಿಯು ನ್ಯಾಯವಾದುದೇ, ಆದರೆ ಅದನ್ನು ಸಾರಿದ ಸ್ಥಳವೂ ಕಾಲವೂ ಎಂಥವು? ಗದ್ದಲದ ನಡುವೆ ಕೊಟ್ಟದ್ದರಿಂದ ಅದು ಚುನಾವಣೆಯ ಎಲೆಯಡಿಕೆಯಂತೆ ಜನರಿಗೆ ತೋರಿತು. ನವಂಬರದಲ್ಲಿ ಆ ಸರಕಾರವೇ ಬಿದ್ದುಹೋಯಿತು. ಎರಡು ವರ್ಷಗಳಲ್ಲಿ ಅಯೋಧ್ಯೆಯ ಮಸೀದಿಯು ಉರುಳಿತು. ಯಾದಿಯಲ್ಲಿ ಸೇರಿದ ಒಂದು ದಿನವು ಮುಸಲ್ಮಾನನ ಮನೆಯ ಒಂದು ಹಂಚನ್ನೂ ಉಳಿಸಲಿಲ್ಲ. ಹೋಗಲಿ, ಅವನ ಮಕ್ಕಳಿಗೆ ಸಾಲೆ ಸಿಕ್ಕಿತೇ, ನೌಕರಿ ಸಿಕ್ಕಿತೇ? ಹದಿನಾರು ವರ್ಷಗಳಾದ ಮೇಲೆ, 2006ರಲ್ಲಿ, ನ್ಯಾಯಮೂರ್ತಿ ಸಾಚಾರರ ಸಮಿತಿಯು ವರದಿಯನ್ನು ಒಪ್ಪಿಸಿತು. ದೇಶದ ಜನರಲ್ಲಿ ನೂರಕ್ಕೆ 13.4 ಮಂದಿಯಾಗಿದ್ದ ಮುಸಲ್ಮಾನರು ಐ.ಎ.ಎಸ್. ಅಧಿಕಾರಿಗಳಲ್ಲಿ ನೂರಕ್ಕೆ ಮೂವರು. ಪೋಲೀಸ ಸೇವೆಯಲ್ಲಿ ನಾಲ್ವರು. ಅಕ್ಷರ ಬಲ್ಲವರು ದೇಶದಲ್ಲಿ ನೂರಕ್ಕೆ 65 ಇದ್ದಾಗ ಮುಸಲ್ಮಾನರಲ್ಲಿ 59. “ನಿಮಗೆ ಸೂಟಿ ಕೊಟ್ಟೆವು” ಎಂದು ಭಾಷಣ ಮಾಡಿದವರು ಈ ಅಂಕಿಗಳನ್ನು ಯಾವ ಓಣಿಯಲ್ಲಿ ಓದಿ ಹೇಳಿದರು?

ನಮ್ಮ ಪ್ರಾಂತದ ಮಾತನ್ನೇ ತೆಗೆದುಕೊಳ್ಳಿರಿ. ಹಿಂದುಳಿದ ವರ್ಗಗಳಲ್ಲಿ ಮುಸಲ್ಮಾನರಿಗೆಂದು ವರ್ಷಾನುಗಟ್ಟಲೆ ನಡೆದುಬಂದಿದ್ದ ನೂರಕ್ಕೆ ನಾಲ್ಕರ ಮೀಸಲನ್ನು 2023ರ ಮಾರ್ಚಿನಲ್ಲಿ ಆಗಿನ ಸರಕಾರವು ತೆಗೆದುಹಾಕುವ ಹುಕುಂ ಹೊರಡಿಸಿತು. ಖಟ್ಲೆಯು ಸುಪ್ರೀಂ ಕೋರ್ಟಿಗೆ ಹೋಯಿತು. ಹುಕುಮಿನ ಬುನಾದಿಯೇ ಅಲುಗಾಡುವಂತಿದೆಯೆಂದು ನ್ಯಾಯಾಧೀಶರು ಮೇಲ್ನೋಟಕ್ಕೆ ಅಭಿಪ್ರಾಯಪಟ್ಟರು. ಸದ್ಯಕ್ಕೆ ಜಾರಿಗೆ ತರುವದಿಲ್ಲವೆಂದು ಸರಕಾರವೇ ವಚನವಿತ್ತಿತು. ಆ ಮೀಸಲು ಸರಿಯೇ ತಪ್ಪೇ ಎಂಬ ವಾದವನ್ನು ಇಲ್ಲಿ ಹೂಡುವದಿಲ್ಲ. ಆದರೆ ವಾಚಕರು ಒಂದನ್ನು ಗಮನಿಸಬೇಕು. ಆ ವರ್ಷವೂ ಮುಸಲ್ಮಾನರ ಹಬ್ಬಗಳ ಸೂಟಿಗಳು ಭದ್ರವಾಗಿದ್ದವು. ಕಾಲೇಜಿನ ಬಾಗಿಲನ್ನು ಕಿರಿದುಮಾಡಲು ಹೊರಟವರಿಗೂ ಹಬ್ಬದ ಸೂಟಿಯನ್ನು ಮುಟ್ಟಬೇಕೆನ್ನಿಸಲಿಲ್ಲ. ಏಕೆಂದರೆ ಸೂಟಿಯು ಅಗ್ಗದ ವಸ್ತು; ಕೊಟ್ಟರೆ ಬೊಕ್ಕಸದಿಂದ ಕಾಸು ಹೋಗುವದಿಲ್ಲ.

ಹಾಗಾದರೆ ಈ ಅಗ್ಗದ ವಸ್ತುವಿಗಾಗಿ ಲೇಖನವನ್ನೇಕೆ ಬರೆಯುತ್ತೀರೆಂದು ಕೇಳಬಹುದು. ಕೆಲವು ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಹೇಳುತ್ತೇನೆ, ಉತ್ತರ ಅದರಲ್ಲಿದೆ.

ನನ್ನ ಪಕ್ಷಕಾರರಲ್ಲಿ ಒಬ್ಬ ವೃದ್ಧ ನೇಕಾರರಿದ್ದರು. ಮನೆಯ ಹಿತ್ತಲಿನ ಎರಡು ಗುಂಟೆ ಜಾಗದ ಖಟ್ಲೆ. ಒಂದು ಗುರುವಾರ ಅವರ ಸಾಕ್ಷಿ. ಆ ವರ್ಷ ರಮಜಾನ್ ಹಬ್ಬದ ಸೂಟಿಯು ಯಾದಿಯಂತೆ ಬುಧವಾರ ಬಿದ್ದಿತ್ತು. ಮಂಗಳವಾರ ರಾತ್ರಿ ಒಂಬತ್ತು ಗಂಟೆಗೆ ಅವರು ನಮ್ಮ ಮನೆಗೆ ಬಂದರು. “ಇವತ್ತ ಚಂದ್ರ ಕಾಣಲಿಲ್ರೀ ಸಾಹೇಬ್ರ. ಹಬ್ಬ ನಾಡದಾತು. ನಮ್ಮ ತಾರೀಖೂ ನಾಡದ ಐತಿ. ಏನ್ ಮಾಡೂಣ್ರಿ?” ಎಂದರು. “ಕಾಕಾ, ನೀವು ನಿಶ್ಚಿಂತರಾಗಿ ನಮಾಜಿಗೆ ಹೋಗಿರಿ, ನಾನು ಅರ್ಜಿ ಕೊಟ್ಟು ತಾರೀಖು ಮುಂದಕ್ಕೆ ಹಾಕಿಸುತ್ತೇನೆ” ಎಂದು ನಾನು ಧೈರ್ಯ ಹೇಳಿದೆನು. ಗುರುವಾರ ಅರ್ಜಿ ಕೊಟ್ಟೆನು. “ಹಬ್ಬದ ಸೂಟಿ ನಿನ್ನೆಯೇ ಆಗಿಹೋಯಿತಲ್ಲ?” ಎಂಬ ಪ್ರಶ್ನೆ ಬಂದಿತು. ಚಂದ್ರನ ಮಾತನ್ನು ವಿವರಿಸಿದೆನು. ಈ ಮೊದಲೇ ಬೇಕಾದಷ್ಟು ಸಲ ತಾರೀಖು ಕೊಡಲಾಗಿದೆಯೆಂದು ಅರ್ಜಿ ತಿರಸ್ಕೃತವಾಯಿತು. ನಮ್ಮ ಕಡೆಯ ಸಾಕ್ಷಿ ಮುಗಿಯಿತೆಂದು ಬರೆದುಕೊಂಡರು. ಅದನ್ನು ತಿರುಗಿ ತೆರೆಸಲು ಎಂಟು ತಿಂಗಳೂ, ಎದುರುಪಕ್ಷದವರಿಗೆ ಕೊಟ್ಟ ಖರ್ಚಿನ ಹಣವೂ, ಆ ಮುದುಕರ ಅನೇಕ ದಿನದ ಕೂಲಿಯೂ ಹೋದವು. ವಿಚಿತ್ರವೆಂದರೆ ಅದೇ ಗುರುವಾರ ಎದುರಿನ ತಾಲೂಕು ಕಚೇರಿಯ ಮುಸಲ್ಮಾನ ಗುಮಾಸ್ತನು ಹಬ್ಬದ ಸೂಟಿಯ ಮೇಲೆ ಈದಗಾ ಮೈದಾನದಲ್ಲಿದ್ದನು. ಯಾರೂ ಆತನನ್ನು ಪ್ರಶ್ನಿಸಲಿಲ್ಲ.

ಏಕೆ ಪ್ರಶ್ನಿಸಲಿಲ್ಲ? ಕರ್ನಾಟಕ ಸರಕಾರದ ಸೂಟಿಗಳ ಅಧಿಸೂಚನೆಯ ಅಡಿಯಲ್ಲಿ ಪ್ರತಿವರ್ಷ ಒಂದು ಚಿಕ್ಕ ಟಿಪ್ಪಣಿ ಇರುತ್ತದೆ. ಮುಸಲ್ಮಾನ ಬಾಂಧವರ ಹಬ್ಬಗಳು ಗೊತ್ತುಪಡಿಸಿದ ದಿನಗಳಲ್ಲಿ ಬೀಳದಿದ್ದರೆ, ಸರಕಾರೀ ಸೇವೆಯಲ್ಲಿರುವ ಮುಸಲ್ಮಾನರಿಗೆ ಆ ದಿನದ ಬದಲು ಹಬ್ಬವನ್ನು ಆಚರಿಸುವ ದಿನದಂದು ಸೂಟಿ ಕೊಡಬಹುದೆಂದು ಅದರ ಸಾರಾಂಶ. ಎಷ್ಟು ವಿವೇಕದ ಮಾತು! ಬರೆದವರು ಯಾರೋ, ಅವರಿಗೆ ನಮಸ್ಕಾರ. ಆದರೆ ಆ ವಿವೇಕವು ಸರಕಾರೀ ನೌಕರನ ಹೊಸ್ತಿಲಲ್ಲಿಯೇ ನಿಂತುಬಿಟ್ಟಿದೆ. ಪರೀಕ್ಷೆಗೆ ಕೂಡುವ ಹುಡುಗಿಗೆ ಆ ಟಿಪ್ಪಣಿ ಇಲ್ಲ. ಕೋರ್ಟಿಗೆ ಬರುವ ವಾದಿ ಪ್ರತಿವಾದಿಗಳಿಗೆ ಇಲ್ಲ. ನೌಕರಿಯ ಸಂದರ್ಶನಕ್ಕೆ ಕರೆಬಂದ ತರುಣನಿಗೆ ಇಲ್ಲ. ಸರಕಾರದ ಸಂಬಳ ಉಣ್ಣುವವನಿಗೆ ಚಂದ್ರನು ಒಂದು ದಿನ ತಡವಾಗಿ ಕಾಣಿಸಿಕೊಳ್ಳಬಹುದು. ಕೂಲಿ ಮಾಡಿ ಉಣ್ಣುವವನಿಗೆ ಗ್ಯಾಝೆಟ್ಟಿನ ಅಪ್ಪಣೆಯಂತೆಯೇ ಕಾಣಬೇಕು!

ಕಾಯದೆಗೆ ಇಂಥ ಕರುಣೆ ಹೊಸದಲ್ಲ. ಕೊನೆಯ ದಿನ ಕೋರ್ಟು ಮುಚ್ಚಿದ್ದರೆ ತೆರೆದ ಮರುದಿನ ಸಲ್ಲಿಸಿದರೂ ನಡೆದೀತೆಂದು 1897ರ ಜನರಲ್ ಕ್ಲಾಜಸ್ ಕಾಯದೆಯೂ 1963ರ ಲಿಮಿಟೇಶನ್ ಕಾಯದೆಯೂ ಹೇಳುತ್ತವೆ. ಕೋರ್ಟಿನ ಬಾಗಿಲು ಮುಚ್ಚಿದ್ದಕ್ಕೆ ಕ್ಷಮೆಯಿದೆ. ದೇವರ ಮುಂದೆ ನಿಂತ ಪ್ರಜೆಯು ಆ ದಿನ ಬರಲಾರದ್ದಕ್ಕೆ ಕ್ಷಮೆ ಬೇಡವೇ?

“ಇವರ ಹಬ್ಬ ಯಾವ ದಿನವೆಂದು ಇವರಿಗೇ ಗೊತ್ತಿಲ್ಲ; ನಾವೇನು ಮಾಡೋಣ?” ಎಂದು ನಗುವವರುಂಟು. ನಗುವ ಮೊದಲು ತುಸು ತಿಳಿದುಕೊಳ್ಳಲಿ. ಹಿಜರಿ ವರ್ಷವು ಶುದ್ಧ ಚಾಂದ್ರಮಾನದ್ದು. ಅದಕ್ಕೆ 354 ಇಲ್ಲವೆ 355 ದಿನಗಳು. ನಮ್ಮ ಪಂಚಾಂಗದಲ್ಲಿ ಅಧಿಕಮಾಸವನ್ನು ಸೇರಿಸಿ ಸೂರ್ಯನ ವರ್ಷದೊಡನೆ ಹೊಂದಿಸುತ್ತೇವೆ. ಅವರಲ್ಲಿ ಅದಕ್ಕೆ ನಿಷೇಧವಿದೆ. ಆದುದರಿಂದ ಅವರ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2015ರಲ್ಲಿ ಜನವರಿಯಲ್ಲೊಮ್ಮೆ ಡಿಸೆಂಬರದಲ್ಲೊಮ್ಮೆ, ಹೀಗೆ ಎರಡು ಮಿಲಾದುಗಳು ಬಂದದ್ದು ಇದೇ ಕಾರಣದಿಂದ. ಚಂದ್ರನನ್ನು ಕಣ್ಣಾರೆ ಕಂಡ ಮೇಲೆಯೇ ತಿಂಗಳು ಆರಂಭ. ಕರಾವಳಿಯ ಜಿಲ್ಲೆಗಳಲ್ಲಿ ಕೇರಳದ ಚಂದ್ರದರ್ಶನವನ್ನು ಅನುಸರಿಸುವದುಂಟಾದ್ದರಿಂದ ಮಂಗಳೂರಿನಲ್ಲಿ ಒಂದು ದಿನ, ಬೆಂಗಳೂರಿನಲ್ಲಿ ಮರುದಿನ ಹಬ್ಬವಾದ ವರ್ಷಗಳೂ ಇವೆ. ಇದರಲ್ಲಿ ನಗುವದೇನು? ಒಂದೇ ಓಣಿಯಲ್ಲಿ ಸ್ಮಾರ್ತರ ಏಕಾದಶಿ ಇಂದು, ಭಾಗವತರದು ನಾಳೆ ಎಂದು ಉಪವಾಸ ಮಾಡುವ ನಾವು, ಚಾಂದ್ರಮಾನ ಯುಗಾದಿ ಸೌರಮಾನ ಯುಗಾದಿ ಎಂದು ಎರಡಾಗಿ ಒಡೆದಿರುವ ನಾವು, ಕೃಷ್ಣಾಷ್ಟಮಿಯನ್ನು ಎರಡು ಮಠಗಳಲ್ಲಿ ಎರಡು ದಿನ ಮಾಡುವ ನಾವು ನಗುವದೇ?

ಇಷ್ಟಕ್ಕೂ ಅನಿಶ್ಚಯವು ಎಷ್ಟು ದೊಡ್ಡದು? ಬಕ್ರೀದ್ ತಿಂಗಳ ಹತ್ತನೆಯ ದಿನ, ಮೊಹರಮ್ಮಿನ ಕಡೆಯ ದಿನವೂ ಹತ್ತನೆಯದು, ಮಿಲಾದ್ ಹನ್ನೆರಡನೆಯದು. ತಿಂಗಳ ಚಂದ್ರನು ಕಂಡೊಡನೆ ಈ ಮೂರೂ ಹಬ್ಬಗಳು ಒಂಬತ್ತು ಹತ್ತು ದಿನ ಮುಂಚಿತವಾಗಿಯೇ ಖಚಿತವಾಗುತ್ತವೆ. ಹಿಂದಿನ ಸಾಯಂಕಾಲದವರೆಗೆ ತಿಳಿಯದಿರುವದು ವರ್ಷದಲ್ಲಿ ರಮಜಾನಿನ ಒಂದೇ ಹಬ್ಬ. ಒಂದು ರಾತ್ರಿಯ ಅನಿಶ್ಚಯವನ್ನು ಸಹಿಸಲಾರದಷ್ಟು ದುರ್ಬಲವಾಗಿದೆಯೇ ನಮ್ಮ ರಾಜ್ಯವ್ಯವಸ್ಥೆ?

ಮನಸ್ಸಿದ್ದರೆ ಮಾರ್ಗವಿದೆಯೆಂಬದನ್ನು ನೆರೆಯ ಮಹಾರಾಷ್ಟ್ರವು ತೋರಿಸಿದೆ. 2023ರಲ್ಲಿ ಅನಂತ ಚತುರ್ದಶಿಯೂ ಮಿಲಾದೂ ಸಪ್ಟೆಂಬರ 28ರಂದು ಕೂಡಿಬಂದವು. ಗಣಪತಿಯ ವಿಸರ್ಜನೆಯ ದಿನ ಮುಂಬಯಿಯ ಬೀದಿಗಳ ಗತಿಯೇನೆಂದು ಎಲ್ಲರೂ ಬಲ್ಲರು. ಅಲ್ಲಿಯ ಮುಸಲ್ಮಾನ ಮುಂದಾಳುಗಳು ತಾವಾಗಿ ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡರು. ಸರಕಾರವು 29ರಂದು ಸೂಟಿ ಕೊಟ್ಟಿತು. 2024ರಲ್ಲಿಯೂ ಮೆರವಣಿಗೆಯನ್ನು ಮುಂದೂಡಿದರು; ಮುಂಬಯಿಯ ಸೂಟಿಯು 16ರಿಂದ 18ಕ್ಕೆ ಸರಿಯಿತು. ಹಬ್ಬದ ದಿನವನ್ನು ನೆರೆಯವನಿಗಾಗಿ ಸರಿಸಿದ ಈ ಜನರನ್ನು ಹಟಮಾರಿಗಳೆಂದು ಕರೆಯುವ ನಾಲಿಗೆಯು ನಮ್ಮಲ್ಲಿ ಯಾರಿಗಿದೆಯೋ ಅವರು ಎರಡು ಕ್ಷಣ ಸುಮ್ಮನಿರಲಿ.

ಇನ್ನು ನಮ್ಮ ನಾಡಿನ ಮುಸಲ್ಮಾನನು ಯಾರು? ಆತನು ನಿನ್ನೆ ಬಂದ ನೆಂಟನಲ್ಲ. ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಕನ್ನಡ ಶಾಸನವು ಧರ್ಮಶಾಲೆಯೆಂದು ಕರೆದಿದೆ. ಹಿಂದೂ ರಾಜ್ಯದ ರಾಜಧಾನಿಯಲ್ಲಿ, ಕನ್ನಡದ ಅಕ್ಷರಗಳಲ್ಲಿ, ಮುಸಲ್ಮಾನನ ಪ್ರಾರ್ಥನೆಯ ಸ್ಥಳಕ್ಕೆ ಎಂಥ ಹೆಸರು! ವಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಹನು ತನ್ನ ಗೀತೆಗಳಲ್ಲಿ ಸರಸ್ವತಿಯನ್ನು ಸ್ತುತಿಸಿದನು. ಶಿಶುನಾಳದ ಶರೀಫರು (1819–1889) ಗೋವಿಂದಭಟ್ಟರ ಶಿಷ್ಯರಾಗಿ ಕನ್ನಡಕ್ಕೆ ಅನುಭಾವದ ಹಾಡುಗಳನ್ನು ಕೊಟ್ಟದ್ದಲ್ಲದೆ ಮೊಹರಮ್ಮಿನ ಅಲಾವಿಯ ಪದಗಳನ್ನೂ ಕಟ್ಟಿದರು. ಮೈಸೂರಿನ ದಿವಾಣಗಿರಿಯನ್ನು 1926ರಿಂದ 1941ರವರೆಗೆ ನಡೆಸಿದವರು ಮಿರ್ಜಾ ಇಸ್ಮಾಯಿಲರು. 2025ರಲ್ಲಿ ಕನ್ನಡ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವನ್ನು ತಂದವರು ಹಾಸನದ ಬಾನು ಮುಷ್ತಾಕರು. ಆ ತಾಯಿಯನ್ನು ಮೈಸೂರ ದಸರೆಯ ಉದ್ಘಾಟನೆಗೆ ಕರೆದಾಗ, ಮುಸಲ್ಮಾನಳೆಂಬ ಕಾರಣದಿಂದ ಹೈಕೋರ್ಟಿನವರೆಗೂ ಸುಪ್ರೀಂ ಕೋರ್ಟಿನವರೆಗೂ ಹೋದವರು ನಮ್ಮಲ್ಲಿದ್ದರು. ಎರಡೂ ಕಡೆಗೆ ಅವರ ಅರ್ಜಿಗಳು ವಜಾ ಆದವು. ಸಪ್ಟೆಂಬರ 22ರಂದು ದಸರೆಯು ಆಕೆಯ ಕೈಯಿಂದಲೇ ಆರಂಭವಾಯಿತು. ಕನ್ನಡಕ್ಕೆ ಜಗತ್ತಿನ ಮನ್ನಣೆಯನ್ನು ತಂದಾಕೆಯೇ ಕನ್ನಡಿಗರ ನಾಡಹಬ್ಬಕ್ಕೆ ಹೊರಗಿನವಳೆಂದು ವಾದಿಸಿದವರ ಬುದ್ಧಿಗೆ ಏನೆನ್ನೋಣ!

ಮೊಹರಮ್ಮಿನ ಮಾತನ್ನಂತೂ ಉತ್ತರ ಕರ್ನಾಟಕದ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಅಲಾವಿಯ ಕುಣಿಯನ್ನು ಅಗಿಯುವವನು ಯಾರು, ಕಟ್ಟಿಗೆ ತರುವವನು ಯಾರು, ಪಂಜಾ ಹೊರುವವನು ಯಾರು, ಹೆಜ್ಜೆಮೇಳದಲ್ಲಿ ಕುಣಿಯುವವರು ಯಾರು? ಮುದಗಲ್ಲಿನ ಮೊಹರಮ್ಮಿಗೆ ಕೂಡುವ ಜನಸಾಗರದಲ್ಲಿ ಜಾತಿಯನ್ನು ಎಣಿಸಿದವರಿಲ್ಲ. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆಯೇ ಇಲ್ಲದಿದ್ದರೂ ಊರವರೆಲ್ಲ ಕೂಡಿ ಮೊಹರಂ ಮಾಡುವ ಸಂಗತಿಯು 2022ರಲ್ಲಿ ವರ್ತಮಾನಪತ್ರಗಳಲ್ಲಿ ಬಂದಿತ್ತು. ಯಾವ ಹಬ್ಬವನ್ನು ನಮ್ಮ ಹಳ್ಳಿಗರು ತಮ್ಮದೆಂದೇ ಮಾಡುತ್ತಾರೋ ಆ ಹಬ್ಬದ ಸೂಟಿಯನ್ನು “ಅವರ ಸೂಟಿ” ಎಂದು ಎಣಿಸುವದು ಪಟ್ಟಣದ ಓದಿದವರ ಅಜ್ಞಾನ.

ಅಜ್ಞಾನವೆಂದೆನು, ಅದಕ್ಕೆ ಪ್ರಮಾಣವನ್ನೂ ಕೊಡುತ್ತೇನೆ. ಮೊಹರಮ್ಮಿನ ಹತ್ತನೆಯ ದಿನವು ಕ್ರಿ. ಶ. 680ರಲ್ಲಿ ಕರ್ಬಲೆಯ ಮೈದಾನದಲ್ಲಿ ಪೈಗಂಬರರ ಮೊಮ್ಮಗನಾದ ಇಮಾಮ ಹುಸೇನರು ಅನ್ಯಾಯಕ್ಕೆ ತಲೆಬಾಗದೆ ಪ್ರಾಣವಿತ್ತ ದಿನ. ಅದು ಶೋಕದ ದಿನ. ಪ್ರತಿವರ್ಷ ಅಂದು ನಮ್ಮ ಪುಢಾರಿಗಳು ತಮ್ಮ ಭಾವಚಿತ್ರದೊಡನೆ “ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು” ಎಂಬ ಫಲಕಗಳನ್ನು ಚೌಕಿನಲ್ಲಿ ಕಟ್ಟಿಸುತ್ತಾರೆ! ಸತ್ತ ಮನೆಗೆ ಹೋಗಿ ಪೇಡೆ ಹಂಚಿದಂತೆ. ಯಾದಿಯಲ್ಲಿ ದಿನದ ಹೆಸರಿದೆ. ದಿನದ ಅರ್ಥವು ಯಾರ ತಲೆಯಲ್ಲಿಯೂ ಇಲ್ಲ. ಅರ್ಥವಿಲ್ಲದ ಗುರುತು ಬಾಗಿಲಿಗೆ ಕಟ್ಟಿದ ಒಣ ತೋರಣ.

ಮುಸಲ್ಮಾನ ಮುಂದಾಳುಗಳಿಗೂ ಎರಡು ಮಾತು ಹೇಳದಿದ್ದರೆ ನಮ್ಮ ನ್ಯಾಯ ಕುಂಟಾಗುವದು. ಚಂದ್ರದರ್ಶನದ ತೀರ್ಮಾನವನ್ನು ರಾತ್ರಿ ಮಸೀದಿಯಲ್ಲಿ ಸಾರಿದರೆ ಸಾಲದು. ಅದನ್ನು ಕನ್ನಡದಲ್ಲಿ ಬರೆದು ತಾಲೂಕು ಕಚೇರಿಗೂ, ಕೋರ್ಟಿಗೂ, ಸಾಲೆಯ ಮುಖ್ಯ ಮಾಸ್ತರರಿಗೂ ಆ ರಾತ್ರಿಯೇ ತಿಳಿಸುವ ಏರ್ಪಾಡು ಮಾಡಬೇಕು. ಅಂಥ ಒಂದು ಕಾಗದವು ನನ್ನ ಕೈಯಲ್ಲಿದ್ದಿದ್ದರೆ ಆ ವೃದ್ಧ ನೇಕಾರರ ಎಂಟು ತಿಂಗಳು ಉಳಿಯುತ್ತಿದ್ದವೋ ಏನೋ. ಎರಡನೆಯದು: ಯಾವ ಪಕ್ಷದವರೇ ಆಗಲಿ, ಸೂಟಿಯನ್ನು ತೋರಿಸಿ ಮತ ಕೇಳಲು ಬಂದರೆ, “ಸಾಲೆ ಎಲ್ಲಿ, ವಸತಿಗೃಹ ಎಲ್ಲಿ, ಹೆಣ್ಣುಮಕ್ಕಳ ಕಾಲೇಜು ಎಲ್ಲಿ?” ಎಂದು ಕೇಳಿರಿ. ಸೂಟಿಗೆ ಧನ್ಯವಾದ ಹೇಳುವದು ಬೇಡ. ಸ್ವಂತ ಮನೆಯಲ್ಲಿ ಕುಳಿತಿದ್ದಕ್ಕೆ ಯಾರೂ ಧನ್ಯವಾದ ಹೇಳುವದಿಲ್ಲ.

ನಮ್ಮ ಬೇಡಿಕೆಗಳು ಮೂರು, ಮೂರೂ ಚಿಕ್ಕವು. ಒಂದನೆಯದು, ಅಧಿಸೂಚನೆಯ ಆ ಟಿಪ್ಪಣಿಯ ಫಲವನ್ನು ಸರಕಾರೀ ನೌಕರರಿಂದಾಚೆ ವಿದ್ಯಾರ್ಥಿಗಳಿಗೂ ಪರೀಕ್ಷಾರ್ಥಿಗಳಿಗೂ ವಿಸ್ತರಿಸಬೇಕು. ಯಾದಿಯಲ್ಲಿಯ ರಮಜಾನ್ ದಿನದ ಹಿಂದಿನ ಮತ್ತು ಮುಂದಿನ ದಿನಗಳಲ್ಲಿ ಸಾರ್ವಜನಿಕ ಪರೀಕ್ಷೆಯನ್ನಾಗಲಿ ನೌಕರಿಯ ಸಂದರ್ಶನವನ್ನಾಗಲಿ ಇಡಬಾರದು. ಎರಡನೆಯದು, ಹಬ್ಬವು ಸರಿದ ದಿನ ಪಕ್ಷಕಾರನಾಗಲಿ ಸಾಕ್ಷಿಯಾಗಲಿ ಆ ಕಾರಣದಿಂದ ಬಾರದಿದ್ದರೆ ಆತನ ವಿರುದ್ಧ ಹುಕುಂ ಮಾಡಬಾರದೆಂದು ಕೆಳಗಿನ ಕೋರ್ಟುಗಳಿಗೆ ಹೈಕೋರ್ಟಿನವರು ಒಂದು ಸಾಲಿನ ಸುತ್ತೋಲೆ ಕಳಿಸಬೇಕು. ಇದಕ್ಕಾಗಿ ವಕೀಲರ ಸಂಘಗಳು ಠರಾವು ಮಾಡಿ ಬರೆದುಕೊಳ್ಳಲಿ. ನಮ್ಮ ಸಂಘದ ಮುಂದೆ ಆ ಠರಾವನ್ನು ನಾನೇ ತರುವವನಿದ್ದೇನೆ. ಮೂರನೆಯ ಬೇಡಿಕೆಯು ಸರಕಾರದ ಮುಂದೆ ಅಲ್ಲ, ಈ ಪತ್ರಿಕೆಯನ್ನು ಓದುವ ಮಾಸ್ತರರ ಮುಂದೆ. ಗುರುಗಳೇ, ಸೂಟಿಯ ಹಿಂದಿನ ದಿನ ಗಂಟೆ ಬಾರಿಸುವ ಮೊದಲು ಹತ್ತು ನಿಮಿಷ ಕೊಡಿರಿ. ನಾಳೆ ಸಾಲೆ ಯಾಕಿಲ್ಲವೆಂಬದನ್ನು ಮಕ್ಕಳಿಗೆ ಹೇಳಿರಿ. ಮೊಹರಮ್ಮಿನ ಹಿಂದಿನ ದಿನ ಕರ್ಬಲೆಯ ಕಥೆಯನ್ನು ಹೇಳಿರಿ. ಬಕ್ರೀದಿನ ಹಿಂದಿನ ದಿನ ಇಬ್ರಾಹಿಮರ ತ್ಯಾಗವನ್ನು ಹೇಳಿರಿ. ಬಸವಜಯಂತಿಯ ಹಿಂದಿನ ದಿನ ಬಸವಣ್ಣನನ್ನೂ ಕನಕಜಯಂತಿಯ ಹಿಂದಿನ ದಿನ ಕನಕದಾಸರನ್ನೂ ಅದೇ ಶ್ರದ್ಧೆಯಿಂದ ಹೇಳಿರಿ. ವರ್ಗದಲ್ಲಿ ಮುಸಲ್ಮಾನ ಹುಡುಗನೊಬ್ಬನಿದ್ದರೆ ಆತನಿಂದಲೇ ಹೇಳಿಸಿರಿ. ಹಿಂದಿನ ಬಾಕಿನ ಮೇಲೆ ಕುಳಿತ ಆ ಹುಡುಗನು ಅಂದು ಎದ್ದು ನಿಂತಾಗ ಆತನ ಮುಖವನ್ನು ನೋಡಿರಿ.

ಆ ವೃದ್ಧ ನೇಕಾರರು ಈಗಿಲ್ಲ. ಖಟ್ಲೆಯು ಕೊನೆಗೆ ಅವರಂತೆಯೇ ಆಯಿತು. ಎರಡು ಗುಂಟೆಯಲ್ಲಿ ಅವರ ಮಗನು ಮಗ್ಗದ ಮನೆಯನ್ನು ಕಟ್ಟಿದ್ದಾನೆ. ಸಾಕ್ಷಿ ಮುಗಿಯಿತೆಂದು ಬರೆದ ದಿನ ಸಾಯಂಕಾಲ ನಾನು ತಲೆ ತಗ್ಗಿಸಿಕೊಂಡು ಅವರ ಮನೆಗೆ ಹೋಗಿದ್ದೆನು. ಅವರು ಸಿಟ್ಟಾಗಲಿಲ್ಲ. “ಚಂದ್ರ ನಮ್ಮ ಮಾತ ಕೇಳೂದಿಲ್ಲ, ಕೋರ್ಟೂ ಕೇಳೂದಿಲ್ಲ. ಇರ್ಲಿ ಬಿಡ್ರಿ ಸಾಹೇಬ್ರ, ಹಬ್ಬದ ದಿನ ಐತಿ, ಬಾಯಿ ಸಿಹಿ ಮಾಡ್ರಿ” ಎಂದು ಸುರಕುಂಬಾದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಚಂದ್ರನಿಗೆ ನಾವು ಹೇಳಲಾರೆವು. ಕೋರ್ಟಿಗೂ ಸರಕಾರಕ್ಕೂ ಹೇಳಬಲ್ಲೆವು. ಹೇಳದಿದ್ದರೆ ತಪ್ಪು ನಮ್ಮದು.